ಗಾಜಿನದೋ ಕಣ್ಣಿನದೋ

ಅವರ ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆ ಶುರುವಾಗುವಲ್ಲಿ, ಉಗುರಿನಿಂದ ಒತ್ತಿದಂಥ ಅರ್ಧವೃತ್ತದ ಒಂದು ಗೆರೆ ಇತ್ತು. ಮೈಕ್ರೋಸ್ಕೋಪಿನ ಅಂಚು ವರ್ಷಗಟ್ಟಲೆ ಅಲ್ಲೇ ಒರಗಿ ಆದ ಗುರುತು. ರಜೆಯ ದಿನವೂ ಅದು ಮಾಸುತ್ತಿರಲಿಲ್ಲ. ಹೋದ ತಿಂಗಳು ಮಾಗಡಿಯಲ್ಲಿ ಅವರನ್ನು ಮನೆಯ ಮುಂದೆ ಮಲಗಿಸಿದ್ದಾಗ, ಮುಖದ ಮೇಲೆ ಅರಿಸಿನ, ವಿಭೂತಿ ಎಲ್ಲ ಹಚ್ಚಿದ್ದರೂ ಅದು ಕಾಣುತ್ತಿತ್ತು.

ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ರೇಷ್ಮೆ ಬಿತ್ತನೆ ಕೋಠಿಯಲ್ಲಿ ಅವರು ಪರೀಕ್ಷೆ ಕೋಣೆಯ ಮುಖ್ಯಸ್ಥರು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿಗೆ ಸೇರಿದೆ. ಚನ್ನಪಟ್ಟಣದ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಬಿತ್ತನೆಗೆಂದೇ ಹಳ್ಳಿಗಳಲ್ಲಿ ಬೆಳೆದ ಗೂಡು ಕೋಠಿಗೆ ಬರುತ್ತದೆ. ಗೂಡಿನಿಂದ ಹೊರಬಂದ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಆಮೇಲೆ ತಾಯಿ ಚಿಟ್ಟೆಗಳನ್ನು ಅರೆದು, ಆ ರಸದ ಹನಿಯನ್ನು ಗಾಜಿನ ಮೇಲೆ ಹಾಕಿ ನೋಡುವುದು ನಮ್ಮ ಕೆಲಸ. ತಾಯಿಗೆ ಗಂಟುರೋಗ ಇದ್ದರೆ ಮೊಟ್ಟೆಗೂ ಇರುತ್ತದೆ, ಮೊಟ್ಟೆಯ ಜೊತೆ ಊರೂರಿಗೆ ಹೋಗುತ್ತದೆ. ಅದಕ್ಕೆ ಮದ್ದಿಲ್ಲ. ಗಾಜಿನಲ್ಲಿ ರೋಗದ ಅಣು ಕಂಡರೆ, ಗೂಡು ಯಾವ ಮನೆಯದೋ ಆ ಮನೆಯ ಅಷ್ಟೂ ಮೊಟ್ಟೆಯನ್ನು ಸುಡಬೇಕು. ಕಂಡಿತೋ ಇಲ್ಲವೋ ಎಂಬ ಕೊನೆಯ ಮಾತು ಅವರದಾಗಿತ್ತು.

ತಿಪ್ಪಸಂದ್ರದ ಕಡೆ ಕೆಂಪಮ್ಮ ಎಂಬುವರ ಮನೆಯ ಮೊಟ್ಟೆಯನ್ನು ಅವರ ಮಾತಿನ ಮೇಲೆ ಮೂರು ಸಲ ಸುಟ್ಟೆವು. ಆ ಮನೆಯಲ್ಲಿ ನಿಜವಾಗಿ ರೋಗ ಇತ್ತೇ ಎಂದು ಕೇಳಿದರೆ ಉತ್ತರ ಹೇಳಬಹುದಾಗಿದ್ದವರು ಅವರೊಬ್ಬರೇ. ಕೊನೆಯ ಒಂದು ವರ್ಷ ಅವರಿಗೂ ಉತ್ತರ ಗೊತ್ತಿರಲಿಲ್ಲ. ನಾನು ಇದನ್ನು ಬರೆಯುತ್ತಿರುವುದು ಬಹುಶಃ ಆ ಕಾರಣಕ್ಕೆ.

ಅವರು ಕನಕಪುರದ ಕಡೆಯವರು. ಕುಳ್ಳು, ಗಟ್ಟಿ ಮೈ, ಬೆರಳುಗಳಿಗೆ ಸದಾ ಬ್ಲೀಚಿಂಗ್ ಪುಡಿಯ ವಾಸನೆ. ನಾನು ಸೇರಿದ ದಿನ ಒಂದು ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, "ಬನ್ನಿ ಮೇಡಮ್ಮಾರೆ, ಏನು ಕಾಣ್ತದೆ ನೋಡಿ" ಎಂದರು. ನಾನು ನೋಡಿ, ಗಂಟುರೋಗದ ಬೀಜಾಣು ಎಂದೆ.

"ಏನು ಕಾಣ್ತದೆ ಅಂತ ಕೇಳ್ದೆ. ಅದರ ಹೆಸರು ಕೇಳ್ನಿಲ್ಲ."

"ಮೊಟ್ಟೆಯ ಆಕಾರ ಸರ್. ಹೊಳೀತಿದೆ."

"ಹಂಗೆ ಹೇಳಿ. ಈಗ ಗಾಜು ಒಸಿ ಸರ್ಸಿ."

ಸರಿಸಿದೆ. ಆ ಆಕಾರವೂ ಗಾಜಿನ ಜೊತೆ ಪಕ್ಕಕ್ಕೆ ಹೋಯಿತು.

"ಗಾಜಿನ ಜೊತೆ ಹೋದ್ರೆ ಗಾಜಿಂದು. ಹೋಗ್ನಿಲ್ಲ ಅಂದ್ರೆ ನಿಮ್ಮ ಕಣ್ಣಿಂದು. ಎಲ್ಲಾರ ಕಣ್ಣಾಗೂ ಕಸ ಇರ್ತದೆ. ಹೆಸರು ಹೇಳಕ್ಕೆ ಮುಂಚೆ ಸರ್ಸಬೇಕು. ಇದನ್ನ ನಿಮ್ಮ ಯೂನಿವರ್ಸಿಟೀಲಿ ಹೇಳ್ಕೊಡ್ತಾರೋ ಇಲ್ವೋ."

ಹೇಳಿಕೊಟ್ಟಿದ್ದರು. ಅಂದಹಾಗೆ ಅದು ಗಂಟುರೋಗವೇ ಆಗಿತ್ತು. ನನ್ನ ಉತ್ತರ ಸರಿ ಇದ್ದದ್ದು ಅವರಿಗೆ ಮುಖ್ಯವಾಗಲಿಲ್ಲ.

ಚಿಟ್ಟೆ ಅರೆಯುವ ಸಾಕಮ್ಮ ಅವರನ್ನು ಹೆದರದೆ ಕೆಣಕುತ್ತಿದ್ದ ಒಬ್ಬಳೇ ಹೆಂಗಸು. "ಸಾರ್ ಮನೇಲಿ ಸಾರು ಉಣ್ಣಾಗಲೂ ಒಸಿ ಸರ್ಸಿ ನೋಡ್ತಾರಂತೆ, ಬೇಳೆ ತಟ್ಟೇಲೈತೋ ಕಣ್ಣಲ್ಲೈತೋ ಅಂತ" ಎನ್ನುತ್ತಿದ್ದಳು. ಅವರು ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ, "ನಮ್ಮ ಮನೇಲಿ ಸರ್ಸಿ ನೋಡಿದ್ರೂ ಬೇಳೆ ಕಾಣಕಿಲ್ಲ ಕಣಮ್ಮಿ" ಎನ್ನುತ್ತಿದ್ದರು.

ಮಧ್ಯಾಹ್ನ ಚಹಾ ಬಂದಾಗ ಅವರಿಗೆ ವಾದ ಬೇಕಾಗುತ್ತಿತ್ತು. ಒಮ್ಮೆ ಕೇಳಿದರು: "ಆ ಅಣುವಿನ ಮೈಮೇಲೆ ರೋಗ ಅಂತ ಬರ್ದೈತಾ?"

ಬರೆದಿರಬೇಕಾಗಿಲ್ಲ ಎಂದೆ. ಅದು ಹುಳುವನ್ನು ಕೊಲ್ಲುತ್ತದೆ, ನಾವು ನೋಡಿದರೂ ನೋಡದಿದ್ದರೂ ಕೊಲ್ಲುತ್ತದೆ, ಹಾಗಾಗಿ ಅದರ ಅರ್ಥ ಅದರಲ್ಲೇ ಇದೆ ಎಂದೆ. ಆಗ ನಾನು ಹಾಗೆ ನಂಬಿದ್ದೆ. ಮುಕ್ಕಾಲು ಪಾಲು ಈಗಲೂ ನಂಬುತ್ತೇನೆ.

"ಹುಳಕ್ಕೆ ಅದು ಅರ್ಥ ಅಲ್ಲ ಕಣ್ರಮ್ಮ, ಸಾವು. ಹುಳ ಸಾಯಕ್ಕೆ ನಾನು ಬೇಡ. ಒಂದು ಮನೆ ಹೆಸರು ಕೆಡಾಕೆ ನಾನು ಬೇಕು." ಲೋಟವನ್ನು ಕೆಳಗಿಟ್ಟು ಮತ್ತೆ ಎಡಗಣ್ಣನ್ನು ಅದರ ಜಾಗಕ್ಕೆ ಒತ್ತಿದರು. ಜಂಬದಿಂದ ಹೇಳಿದ ಮಾತಾಗಿರಲಿಲ್ಲ. ಭಾರ ಎತ್ತುವವನು ತೂಕ ಹೇಳಿದ ಹಾಗಿತ್ತು.

ಮೊಟ್ಟೆ ಸುಡಬೇಕಾದಾಗ ಆ ಮನೆಯವರಿಗೆ ಫೋನಿನಲ್ಲಿ ತಿಳಿಸಲು ಬಿಡುತ್ತಿರಲಿಲ್ಲ. ತಮ್ಮ ಹಳೆಯ ಸ್ಕೂಟರಿನಲ್ಲಿ ತಾವೇ ಹೋಗುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಹೊಸಿಲಿನಾಚೆಯೇ ನಿಂತು, ಹೇಳಬೇಕಾದ್ದನ್ನು ಹೇಳಿ ಮುಗಿಸುವವರೆಗೆ ನೀರು ಕೂಡ ಮುಟ್ಟುತ್ತಿರಲಿಲ್ಲ. ಯಾಕೆ ಎಂದು ಸಾಕಮ್ಮ ಕೇಳಿದ್ದಕ್ಕೆ, "ನೀರು ಕುಡುದ್ರೆ ಬಾಯಿ ಮೆತ್ತಗಾಗೋಯ್ತದೆ" ಎಂದಿದ್ದರು.

ಕೆಂಪಮ್ಮನ ಮನೆಗೆ ಮೊದಲ ಸಲ ಹೋಗಿ ಬಂದಾಗ ವಿಶೇಷವೇನೂ ಆಗಲಿಲ್ಲ. ಅಂಥದ್ದು ವರ್ಷದಲ್ಲಿ ಕೆಲವು ಮನೆಗಳಿಗೆ ಆಗುತ್ತದೆ. ಕೆಂಪಮ್ಮ ವಿಧವೆ, ಮಗ ಮತ್ತು ಸೊಸೆ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಹೋಗುತ್ತಾರೆ, ಹುಳು ಸಾಕುವುದು ಅವರೊಬ್ಬರೇ. ಹುಳು ಮನೆಗೆ ಬ್ಲೀಚಿಂಗ್ ಹೊಡೆದು, ಸುಣ್ಣ ಬಳಿದು, ತಟ್ಟೆಗಳನ್ನು ಬಿಸಿಲಿಗೆ ಹಾಕಿ ಮುಂದಿನ ಬೆಳೆ ಇಟ್ಟರು. ಅದರಲ್ಲೂ ಅಣು ಕಂಡಿತು ಎಂದರು ನಮ್ಮವರು. ಆಗ ಬೀದಿಯವರು ದೂರವಾದರು. ಗಂಟುರೋಗ ಕಾಲಿನ ಧೂಳಲ್ಲೂ ತಟ್ಟೆಯಲ್ಲೂ ಬರುತ್ತದೆಂದು ರೇಷ್ಮೆಯವರಿಗೆಲ್ಲ ಗೊತ್ತು. ಕೆಂಪಮ್ಮನಿಗೆ ಯಾರೂ ತಟ್ಟೆ ಎರವಲು ಕೊಡಲಿಲ್ಲ. ಅವರ ಮನೆ ಮುಂದೆ, ಬೀದಿಗೆ ಅಡ್ಡಲಾಗಿ, ಯಾರೋ ಸುಣ್ಣದ ಪುಡಿಯ ಗೆರೆ ಎಳೆದರು. ಮಳೆ ಬಂದು ಅಳಿಸಿದರೆ ಮತ್ತೆ ಎಳೆಯುತ್ತಿದ್ದರು.

ಮೂರನೆಯ ಸಲ ಕೆಂಪಮ್ಮ ಸುದ್ದಿಗೆ ಕಾಯದೆ ತಾವೇ ಕೋಠಿಗೆ ಬಂದರು. ಪರೀಕ್ಷೆ ನಡೆಯುತ್ತಿತ್ತು. ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಒಣಗಿದ ಕಣಗಿಲೆ ಹೂವನ್ನು ಬಿಚ್ಚಿ ತೋರಿಸಿದರು.

"ನೋಡಿ ಸಾ. ನಮ್ಮೂರವ್ವ ಬಲಗಡೇಗೇ ಕೊಟ್ಟವ್ಳೆ. ನಮ್ಮನೇಲಿ ಏನೂ ಇಲ್ಲ ಅಂತ."

ಅವರು ಕುರ್ಚಿಯಿಂದ ಎದ್ದರು. "ಅವ್ವ ಹೂವ ಕೊಡ್ತಾಳೆ ಕೆಂಪಮ್ಮ. ಅದು ಹೌದು ಅಂತಲಾ ಅಲ್ಲ ಅಂತಲಾ ಅನ್ನೋದನ್ನ ಪೂಜಾರಿ ತಾನೇ ಹೇಳೋದು?"

"ನಿಮ್ಮ ಗಾಜಿಗೆ ನೀವೂ ಪೂಜಾರಿಯೇಯ."

ಸಾಕಮ್ಮ ನಕ್ಕುಬಿಟ್ಟಳು, ತಕ್ಷಣ ಬಾಯಿಗೆ ಸೆರಗು ಒತ್ತಿಕೊಂಡಳು. ಅವರಿಗೆ ಕೋಪ ಬರಲಿಲ್ಲ. ಆದರೆ ಆ ಮಾತು ಎಲ್ಲೋ ತಾಗಿರಬೇಕು, ಏಕೆಂದರೆ ಅವರು ಆವರೆಗೆ ಯಾವ ರೈತರಿಗೂ ಮಾಡದಿದ್ದ ಒಂದು ಕೆಲಸ ಮಾಡಿದರು. "ನೀನೇ ನೋಡ್ಬಾ ತಾಯಿ" ಎಂದು ಕೆಂಪಮ್ಮನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು.

"ಏನೂ ಇಲ್ಲ. ಬೆಳ್ಳಗೈತೆ. ನನ್ ರೆಪ್ಪೆ ಕೂದ್ಲು ಕಾಣ್ತದೆ."

"ಒಸಿ ತಡಿ." ತಿರುಪನ್ನು ತಿರುಗಿಸಿದರು. "ಈಗ ಅಕ್ಕಿ ಕಾಳಿನಂಗೆ ಹೊಳೆಯೋದು ಕಾಣ್ತಾ? ಬಲಗಡೆ, ಮ್ಯಾಲೆ?"

ಕೆಂಪಮ್ಮ ತುಂಬ ಹೊತ್ತು ನೋಡಿದರು. "ಕಾಣ್ತದೆ ಅಂತ ಕಾಣ್ತದೆ" ಎಂದರು. ಆಮೇಲೆ, ಯಾರನ್ನೂ ನೋಡದೆ, "ಚೆಂದಾಗೈತೆ" ಎಂದರು.

ಕೆಂಪಮ್ಮ ಎದ್ದು ಹೋದರು. ಸಾಕಮ್ಮ ಆ ಗಾಜನ್ನು ಉಳಿದವುಗಳ ಜೊತೆ ತೊಳೆಯುವ ನೀರಿಗೆ ಹಾಕಿದಳು. ಅಣು ಕಂಡಿತು ಎಂದು ಮುಖ್ಯಸ್ಥರು ಹೇಳಿದ ಗಾಜನ್ನು ಇನ್ನೊಬ್ಬರು ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮಧ್ಯಾಹ್ನ ಹಿತ್ತಲ ಗುಂಡಿಯಲ್ಲಿ ಮೊಟ್ಟೆಯ ಹಾಳೆಗಳನ್ನು ಸುಟ್ಟೆವು. ಮೂರು ಸಲ ಮೊಟ್ಟೆ ಸುಟ್ಟ ಮನೆಯಿಂದ ಕೋಠಿ ಮತ್ತೆ ಬಿತ್ತನೆ ಗೂಡು ತೆಗೆದುಕೊಳ್ಳುವುದಿಲ್ಲ. ಕೆಂಪಮ್ಮ ಅಂದಿನಿಂದ ಮಾರುಕಟ್ಟೆಯ ಗೂಡು ಮಾತ್ರ ಬೆಳೆಯಬೇಕಾಯಿತು. ಆ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ, ಅದರ ಚಿಟ್ಟೆಯನ್ನು ಯಾರೂ ಅರೆದು ನೋಡುವುದಿಲ್ಲ. ಬೀದಿಯಲ್ಲಿ ಅವರದು ಗಂಟುರೋಗದ ಮನೆ ಎಂದೇ ಆಯಿತು.

ಅದಾಗಿ ಕೆಲವು ತಿಂಗಳ ಮೇಲೆ ನಮ್ಮ ಮುಖ್ಯಸ್ಥರು ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬೆಂಗಳೂರಿಗೆ ಹೋದವರು, ಹಿಂತಿರುಗಿ ಬಂದು ಮೈಕ್ರೋಸ್ಕೋಪಿನ ಮುಂದೆ ಕೂರಲಿಲ್ಲ. ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕುಳಿತರು. ನಾನೊಬ್ಬಳೇ ಇದ್ದೆ.

"ಕಣ್ಣೊಳಗೆ ರಕ್ತ ಒಸರೈತಂತೆ. ಎಡಗಣ್ಣೇ ಜಾಸ್ತಿ. ಡಾಕ್ಟ್ರು ಗೋಡೆ ನೋಡಿ ಅಂದ್ರು. ಬಿಳೀ ಗೋಡೆ. ಅದರ ಮ್ಯಾಲೆ ಅವೇ ಓಡಾಡ್ತಿದ್ವು ಕಣ್ರಮ್ಮ. ಉಂಗುರ, ಕಾಳು. ಹೊಳೀತಿದ್ವು. ಎಷ್ಟು ದಿನದಿಂದ ಐತೆ ಅಂತ ಕೇಳುದ್ರು. ನಂಗೆ ಗೊತ್ತಿದ್ರೆ ತಾನೇ?"

ನೀವು ಗಾಜು ಸರಿಸಿ ನೋಡುತ್ತಿದ್ದಿರಲ್ಲ ಎಂದೆ.

"ನಿಮಗೆಲ್ಲ ಹೇಳ್ತಿದ್ದೆ. ನಾನು ಸರ್ಸೋದ ಯಾವಾಗ ಬುಟ್ಟೆ ಅಂತ ಎಷ್ಟು ಯೋಚ್ನೆ ಮಾಡುದ್ರೂ ನೆಪ್ಪಾಗ್ತಿಲ್ಲ. ನೋಡ್ತಾನೇ ಗೊತ್ತಾಗೋಯ್ತದಲ್ಲ, ಇನ್ಯಾಕೆ ಸರ್ಸಾದು ಅಂತ ಬುಟ್ಟಿರಬೇಕು."

ಆ ದಿನವೇ ಕೋಠಿಯ ಯಜಮಾನರಿಗೆ ಹೇಳಿದರು. ಯಜಮಾನರು ವಿಷಯ ಹೊರಗೆ ಹೋಗುವುದು ಬೇಡ, ಸುಟ್ಟದ್ದು ಸುಟ್ಟಾಯಿತು, ಮನೆಯಲ್ಲಿ ಆರಾಮವಾಗಿರಿ ಎಂದರು. ಆ ವರ್ಷ ಉಳಿದ ಮನೆಗಳ ಮೊಟ್ಟೆ ಸುಟ್ಟದ್ದೆಲ್ಲ ಒಂದೊಂದೇ ಸಲ. ಆ ಮನೆಯವರು ಮುಂದಿನ ಬೆಳೆಯಲ್ಲಿ ಚೇತರಿಸಿಕೊಂಡಿದ್ದರು. ಇವರನ್ನು ಕೊರೆಯುತ್ತಿದ್ದದ್ದು ಕೆಂಪಮ್ಮನ ವಿಷಯ.

ನಾನು ಬಸ್ಸಿನಲ್ಲಿ ಹೋಗಿ ಬರುವಾಗ ಇದನ್ನು ಲೆಕ್ಕ ಹಾಕಿದ್ದೇನೆ. ಒಂದೇ ಮನೆಯಲ್ಲಿ ಮೂರು ಸಲವೂ ಕಂಡಿದೆ, ಆದ್ದರಿಂದ ರೋಗ ಇದ್ದಿರಲೇಬೇಕು ಎನ್ನಿಸುತ್ತದೆ. ಆದರೆ ಮೊದಲ ಸಲದ ನಂತರ ಅವರು ಆ ಮನೆಯ ಗಾಜುಗಳನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದರು. ಕಣ್ಣಿನಲ್ಲಿ ತೇಲುವುದು ಹೆಚ್ಚು ಹೊತ್ತು ನೋಡಿದವರಿಗೆ ಹೆಚ್ಚು ಕಾಣುತ್ತದೆ. ಕೆಂಪಮ್ಮನಿಗೂ ಕಂಡಿತಲ್ಲ ಎನ್ನಬಹುದು. ಆದರೆ ಏನು ಕಾಣುತ್ತದೆ ಎಂದು ಅವರನ್ನು ಕೇಳಲಿಲ್ಲ. ಅಕ್ಕಿ ಕಾಳು ಕಾಣುತ್ತದೆಯೇ ಎಂದು ಕೇಳಿದರು, ಎಲ್ಲಿ ಎಂಬುದನ್ನೂ ಹೇಳಿದರು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ.

ಒಂದು ಬೆಳಿಗ್ಗೆ ಅವರು ಫೋನ್ ಮಾಡಿ, ತಿಪ್ಪಸಂದ್ರದ ಕಡೆ ಹೋಗಬೇಕು, ಸ್ಕೂಟರ್ ಓಡಿಸಲು ಆಗುವುದಿಲ್ಲ, ಜೊತೆಗೆ ಬರ್ತೀಯಾ ಎಂದು ಕೇಳಿದರು. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. ಆಟೋದಲ್ಲಿ ಹೋದೆವು. ಅವರು ಬೀದಿಯಲ್ಲಿ ಸುಣ್ಣದ ಗೆರೆಯನ್ನು ಕಾಣದೆ ತುಳಿದರು. ಚಪ್ಪಲಿ ಬಿಟ್ಟು ಹೊಸಿಲಿನಾಚೆ ನಿಂತರು.

"ಕೆಂಪಮ್ಮ, ನಿನ್ನ ಮನೇಲಿ ರೋಗ ಇತ್ತೋ ಇಲ್ವೋ ನಂಗೆ ಗೊತ್ತಿಲ್ಲ. ನನ್ನ ಕಣ್ಣು ಕೆಟ್ಟಿತ್ತು. ಅದ ಹೇಳಕ್ಕೆ ಬಂದೆ."

ಕೆಂಪಮ್ಮ ಸೊಪ್ಪು ಕತ್ತರಿಸುತ್ತಿದ್ದರು. ಕುಡುಗೋಲು ಕೆಳಗಿಟ್ಟರು. "ಗೊತ್ತಿಲ್ಲ ಅಂದ್ರೆ? ಮೂರು ಸತಿ ಗೊತ್ತು ಅಂದ್ರಿ."

"ಅವತ್ತು ಗೊತ್ತು ಅಂದ್ಕಂಡಿದ್ದೆ."

"ಇರ್ಲಿಲ್ಲ ಅಂತ ಹೇಳಿ."

"ಅದೂ ಗೊತ್ತಿಲ್ಲ ತಾಯಿ. ಗೊತ್ತಿಲ್ದೆ ಇರೋದ್ನ ಇನ್ನೊಂದು ಸತಿ ಗೊತ್ತು ಅನ್ನಕ್ಕಾಗಕಿಲ್ಲ."

ಕೆಂಪಮ್ಮ ಎದ್ದು ಬಾಗಿಲಿಗೆ ಬಂದರು. "ಹಂಗಾರೆ ಅಷ್ಟನ್ನೇ ಬೀದೀಲಿ ನಿಂತ್ಕಂಡು ಹೇಳಿ" ಎಂದರು.

ಅವರು ಹೋಗಿ ಹೇಳಿದರು. ಎದುರು ಮನೆಯ ಜಗುಲಿಯಲ್ಲಿ ನಾಲ್ಕೈದು ಜನ ಇದ್ದರು. ತಮಗೆ ಕಣ್ಣಿನ ದೋಷ ಇತ್ತು, ಕೆಂಪಮ್ಮನ ಮನೆಯಲ್ಲಿ ರೋಗ ಇತ್ತೆಂದು ತಾವು ಹೇಳಿದ ಮಾತಿಗೆ ಈಗ ಬೆಲೆ ಇಲ್ಲ ಎಂದು, ಯಾವ ಕಡೆ ಮುಖ ಮಾಡಬೇಕೆಂದು ಸರಿಯಾಗಿ ತಿಳಿಯದೆ, ಸ್ವಲ್ಪ ಗೋಡೆಯ ಕಡೆಗೇ ತಿರುಗಿ ಹೇಳಿದರು. ಜಗುಲಿಯವರು ಮರ್ಯಾದೆಯಿಂದ ಕೇಳಿಸಿಕೊಂಡರು. ಒಬ್ಬಾತ ಎದ್ದು ಕೈಹಿಡಿದು ಆಟೋವರೆಗೆ ಕರೆತಂದು ಕೂರಿಸಿದ. ನಾನು ಹಿಂದೆ ಇದ್ದೆ, ಹಾಗಾಗಿ ಜಗುಲಿಯ ಮಾತು ಕೇಳಿಸಿತು.

"ಪಾಪ, ದೊಡ್ಡ ಮನ್ಸ. ಎಂಗಸಿನ ಮ್ಯಾಲೆ ಕನಿಕರ ಬಂದ್ಬುಟ್ಟೈತೆ."

"ಕಣ್ಣಿದ್ದಾಗ ಹೇಳಿದ್ದೇ ನಿಜ ಕಣ್ಲಾ. ಈಗ ಕಾಣಕಿಲ್ವಲ್ಲ, ಅದ್ಕೆ ಇಲ್ಲ ಅಂತಾರೆ."

ಆಟೋದಲ್ಲಿ ಅವರು ನನ್ನನ್ನು ಕೇಳಿದರು, "ಏನಂದ್ರು?" ಅವರಿಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ. ಹೇಳಿದೆ. ಮಾಗಡಿಯಲ್ಲಿ ಇಳಿಯುವಾಗ ಅವರು, "ನನ್ನ ಮಾತು ನನ್ನ ಕೈಲಿಲ್ಲ" ಎಂದಷ್ಟೇ ಹೇಳಿದರು.

ಮುಂದಿನ ತಿಂಗಳುಗಳಲ್ಲಿ ಅವರ ಮೂತ್ರಪಿಂಡವೂ ಕೆಟ್ಟಿತು. ನಾನು ಆಗಾಗ ಹೋಗಿ ಕೂರುತ್ತಿದ್ದೆ. ಹೆಂಡತಿ ಕಾಫಿ ಕೊಟ್ಟರೆ ಲೋಟವನ್ನು ಗಾಳಿಯಲ್ಲಿ ಹುಡುಕುತ್ತಿದ್ದರು. ಒಂದು ದಿನ ಹಳೆಯ ವಾದವನ್ನು ಅವರೇ ತೆಗೆದರು.

"ಈಗ ಹೇಳು. ಆ ಅಣು ಇತ್ತಾ?"

"ಇತ್ತು, ಇಲ್ಲವೇ ಇರಲಿಲ್ಲ. ಎರಡರಲ್ಲಿ ಒಂದು ನಿಜ ಸರ್. ಯಾರಿಗೂ ಗೊತ್ತಾಗದಿದ್ದರೂ ನಿಜವೇ."

"ಸರಿ, ಒಪ್ಪುದೆ. ಆ ನಿಜ ಎಲ್ಲೈತೆ? ಮೊಟ್ಟೆ ಸುಟ್ಟೋಯ್ತು, ಗಾಜು ತೊಳುದಾಯ್ತು, ನನ್ನ ಕಣ್ಣು ಹೋಯ್ತು. ಕೆಂಪಮ್ಮ ಅದ ಎಲ್ಲಿ ಹೋಗಿ ತಕ್ಕಂಬರ್ಬೇಕು?"

ಅವರು ಕಾದರು. ಗೆದ್ದ ಸಂತೋಷ ಅವರ ಮುಖದಲ್ಲಿ ಇರಲಿಲ್ಲ. ನಾನು ಗೆಲ್ಲಲಿ ಎಂದು ಅವರು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಅವರನ್ನು ಮಣ್ಣು ಮಾಡಿದ ದಿನ ಕೆಂಪಮ್ಮ ಬಂದಿದ್ದರು. ಯಾರ ಜೊತೆಗೂ ಸೇರದೆ, ಚಪ್ಪರದ ಕಂಬದ ಹತ್ತಿರ ನಿಂತಿದ್ದರು. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಮುಗೀತಲ್ಲವ್ವ, ಇನ್ನ ಕೇಳಾನ ಅಂದ್ರೂ ಯಾರಿಲ್ಲ" ಎಂದರು.

ನಾನು ಯೋಚಿಸಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದೆ. ಈಗಿನ ಬೆಳೆಯಿಂದ ಸ್ವಲ್ಪ ಗೂಡು ಕೊಡಿ, ಚಿಟ್ಟೆ ಬಂದ ಮೇಲೆ ನಾನು ನೋಡುತ್ತೇನೆ, ಇನ್ನಿಬ್ಬರಿಂದ ಬೇರೆ ಬೇರೆಯಾಗಿ ನೋಡಿಸುತ್ತೇನೆ, ಯಾರ ಮನೆಯದೆಂದು ಅವರಿಗೆ ಹೇಳುವುದಿಲ್ಲ ಎಂದೆ.

ಕೆಂಪಮ್ಮ ತಾಳ್ಮೆಯಿಂದ ಕೇಳಿದರು. "ಕಂಡ್ರೆ, ನೋಡಿ ಇನ್ನೂ ಐತೆ ಅಂತಾರೆ. ಕಾಣ್ನಿಲ್ಲ ಅಂದ್ರೆ, ಈಗ ವಾಸಿಯಾಯ್ತು ಅಂತಾರೆ. ಅವತ್ತು ಇರ್ಲಿಲ್ಲ ಅನ್ನಾದು ಯಾವ ಗಾಜಲ್ಲಿ ಬತ್ತದೆ, ಹೇಳವ್ವ."

ಬರುವುದಿಲ್ಲ ಎಂದೆ.

"ಅದು ಬುಡು. ನಂಗೆ ನಾಳಿಕೆ ಹುಳ ಹಣ್ಣಾಯ್ತವೆ. ಆರ್ಸಕ್ಕೆ ಒಬ್ರೂ ಬರಕಿಲ್ಲ. ಮಗ, ಸೊಸೆ ಇಬ್ರಿಗೂ ರಜ ಇಲ್ಲ. ಅರ್ಧ ಹುಳ ತಟ್ಟೇಲೇ ಗೂಡು ಕಟ್ಕಂಡು ಕೆಡ್ತವೆ." ಕೇಳಿದ ಹಾಗಿರಲಿಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು. ಸೆರಗು ಹೊದ್ದು ಬಸ್ ನಿಲ್ದಾಣದ ಕಡೆ ನಡೆದರು.

ಹುಳು ಹಣ್ಣಾಗುವ ದಿನ ರೇಷ್ಮೆಯವರ ಮನೆಗೆ ಅಕ್ಕಪಕ್ಕದವರೆಲ್ಲ ಬರುತ್ತಾರೆ. ಹಣ್ಣಾದ ಹುಳು ಕಾಯುವುದಿಲ್ಲ, ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬೇಗ ಬೇಗ ಬಿಡಬೇಕು. ಅದಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ, ಗೊತ್ತಾದವರು ಬರುತ್ತಾರೆ.

ಮರುದಿನ ಬೆಳಿಗ್ಗೆ ನಾನು ಕೋಠಿಗೆ ರಜೆ ಹೇಳಿ, ಮಾಗಡಿಯ ಬಸ್ಸು ಹಿಡಿದು ಕೆಂಪಮ್ಮನ ಊರಿಗೆ ಹೋದೆ. ಜಗುಲಿಯಲ್ಲಿ ಕೂತಿದ್ದವರು ನನ್ನನ್ನು ಗುರುತು ಹಿಡಿದರು. ಒಬ್ಬಾತ, "ಪರೀಕ್ಷೆಗಾ ಮೇಡಂ?" ಎಂದು ಕೇಳಿದ. ಹುಳ ಆರಿಸಕ್ಕೆ ಎಂದೆ. ಅದನ್ನು ಅವನು ಏನೆಂದು ತಿಳಿದುಕೊಂಡನೋ ನನಗೆ ಗೊತ್ತಿಲ್ಲ. ಕೆಂಪಮ್ಮ ಬಾಗಿಲಲ್ಲಿ ಕೈಕಾಲಿಗೆ ನೀರು ಕೊಟ್ಟರು. ಒಳಗೆ ಹೋಗಿ ಅವರ ಎದುರು ಕುಳಿತು ಆರಿಸಲು ಶುರು ಮಾಡಿದೆ. ಒಂದೊಂದು ಹುಳುವನ್ನೂ ಎತ್ತಿ, ಹಣ್ಣಾಗಿದೆಯೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೆ ಏನನ್ನೂ ನೋಡದೆ, ಚಂದ್ರಿಕೆಗೆ ಬಿಟ್ಟೆ.